ಎಂಜಿನಿಯರಿಂಗ್ ಮುಗಿಸಿ ಖಗೋಳವಿಜ್ಞಾನಕ್ಕೆ: ಯಾವ ಬಾಗಿಲು, ಯಾವ ಕೋಣೆ

"ಕ್ವಾಂಟಂ ಮೆಕ್ಯಾನಿಕ್ಸ್ ಓದಿಯೇ ಇಲ್ಲ, ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ?" ಎಂಜಿನಿಯರಿಂಗ್ ಪದವಿ ಕೈಯಲ್ಲಿ ಹಿಡಿದು ಖಗೋಳವಿಜ್ಞಾನ ಓದಬೇಕೆನ್ನುವವರ ಮೊದಲ ಅಳುಕು ಸಾಮಾನ್ಯವಾಗಿ ಇದೇ. ಎಲೆಕ್ಟ್ರಾನಿಕ್ಸ್ ಓದಿ ಈ ಕಡೆ ಹೊರಳಿದ ನನಗೂ ಇದೇ ಇತ್ತು. ಈಗ ನೋಡಿದರೆ ಇಡೀ ದಾರಿಯಲ್ಲಿ ಸಲೀಸಾಗಿ ನೀಗಿದ ಕೊರತೆ ಅದೊಂದೇ. ಪುಸ್ತಕಗಳಿವೆ, ಪಾಠಗಳು ಸಿಗುತ್ತವೆ, ಆರು ತಿಂಗಳು ಪಟ್ಟು ಹಿಡಿದು ಕುಳಿತರೆ ಆರಂಭಕ್ಕೆ ಬೇಕಾದಷ್ಟು ತಲೆಗೆ ಹತ್ತುತ್ತದೆ. ನಿಜವಾದ ತೊಡಕು ಬೇರೆ. ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನೂ ಸೇರಿದ ಮೇಲೆ ದಿನವಿಡೀ ಏನು ಮಾಡಿಕೊಂಡಿರಬೇಕು ಎಂಬುದನ್ನೂ ನಾವು ಒಂದೇ ಪ್ರಶ್ನೆ ಎಂದುಕೊಂಡುಬಿಡುತ್ತೇವೆ.

ಅವು ಎರಡು ಪ್ರಶ್ನೆಗಳು. ಒಳಗೆ ಹೋಗುವ ಬಾಗಿಲು ಒಂದು: ನೇರ ಪಿಎಚ್.ಡಿ., ಇಲ್ಲವೇ ಮೊದಲು ಎಂ.ಎಸ್ಸಿ., ಇಲ್ಲವೇ ಪದವಿ ಬದಲಿಸದೆ ವೀಕ್ಷಣಾಲಯದ ಎಂಜಿನಿಯರ್ ಕೆಲಸ. ಒಳಗೆ ಹೋದ ಮೇಲೆ ಕೂರುವ ಕೋಣೆ ಇನ್ನೊಂದು: ವೀಕ್ಷಣೆ, ಉಪಕರಣ, ದತ್ತಾಂಶ, ಸಿದ್ಧಾಂತ. ಬಾಗಿಲಿನ ಚಿಂತೆ ಒಂದೆರಡು ವರ್ಷದ್ದು, ಕೋಣೆಯದು ಹತ್ತಾರು ವರ್ಷದ್ದು. ಆದರೂ ಎಲ್ಲರೂ ಕೇಳುವುದು ಬಾಗಿಲಿನ ಬಗ್ಗೆಯೇ ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನೇರ ಪಿಎಚ್.ಡಿ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿದವರು ನೇರವಾಗಿ ಪಿಎಚ್.ಡಿ. ಸೇರುವುದೇ ವಾಡಿಕೆ. ಮೊದಲ ಎರಡು ವರ್ಷ ತರಗತಿಗಳು, ನಡುವೆ ಒಂದು ಅರ್ಹತಾ ಪರೀಕ್ಷೆ, ಉಳಿದದ್ದು ಸಂಶೋಧನೆ. ಒಟ್ಟು ಐದಾರು ವರ್ಷ. ಶುಲ್ಕ ಮನ್ನಾ ಆಗುತ್ತದೆ, ಪಾಠಕ್ಕೋ ಸಂಶೋಧನೆಗೋ ನೆರವಾದದ್ದಕ್ಕೆ ತಿಂಗಳ ವೇತನವೂ ಬರುತ್ತದೆ. ಭೌತವಿಜ್ಞಾನದ ಜಿಆರ್‌ಇ ಪರೀಕ್ಷೆ ಒಂದು ಕಾಲಕ್ಕೆ ಎಂಜಿನಿಯರುಗಳಿಗೆ ದೊಡ್ಡ ಗೋಡೆಯಾಗಿತ್ತು. ಈಗ ಅನೇಕ ವಿಭಾಗಗಳು ಅದನ್ನು ಕಡ್ಡಾಯ ಪಟ್ಟಿಯಿಂದ ತೆಗೆದುಹಾಕಿವೆ. ಗೋಡೆ ಬಿದ್ದದ್ದು ಒಳ್ಳೆಯದೇ, ಆದರೆ ಅದರಿಂದ ಒಂದು ಅನುಕೂಲವೂ ತಪ್ಪಿತು. "ಓದಿದ್ದು ಎಂಜಿನಿಯರಿಂಗ್ ಆದರೂ ಭೌತವಿಜ್ಞಾನ ಬರುತ್ತದೆ" ಎಂದು ತೋರಿಸಲು ಅಂಕಪಟ್ಟಿಯ ಹೊರಗೆ ಸಿಗುತ್ತಿದ್ದ ಸಾಕ್ಷಿ ಅದಾಗಿತ್ತು. ಪರೀಕ್ಷೆ ಐಚ್ಛಿಕವಾಗಿದ್ದು ನಿಮಗೆ ಚೆನ್ನಾಗಿ ಬರೆಯುವ ಧೈರ್ಯವಿದ್ದರೆ ಬರೆಯಿರಿ. ಭೌತವಿಜ್ಞಾನ ಓದಿದವರಿಗಿಂತ ನಿಮಗೇ ಅದರಿಂದ ಲಾಭ ಹೆಚ್ಚು.

ಭಾರತದಲ್ಲಿಯೂ ಹಲವು ಸಂಶೋಧನಾ ಸಂಸ್ಥೆಗಳು ಬಿ.ಇ., ಬಿ.ಟೆಕ್. ಪದವೀಧರರಿಗೆ ಬಾಗಿಲು ತೆರೆದಿಟ್ಟಿವೆ. ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆದೋ ಗೇಟ್‌ನ ಭೌತವಿಜ್ಞಾನ ಪತ್ರಿಕೆ ಬರೆದೋ ಸಂದರ್ಶನದವರೆಗೆ ಹೋಗಬಹುದು. ಸೇರಿದ ಮೇಲೆ ಮೊದಲ ವರ್ಷ ತರಗತಿಗಳಿರುತ್ತವೆ. ಆದರೆ ಆ ಪ್ರಶ್ನೆಪತ್ರಿಕೆಗಳು ಎಂ.ಎಸ್ಸಿ. ಭೌತವಿಜ್ಞಾನ ಓದಿದವರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದವು. ಬಾಗಿಲು ತೆರೆದಿದೆ ಎಂದರೆ ಹೊಸ್ತಿಲು ತಗ್ಗಾಗಿದೆ ಎಂದಲ್ಲ.

ಈ ಬಾಗಿಲು ಯಾರಿಗೆ? ಕೊನೆಯ ವರ್ಷದ ಪ್ರಾಜೆಕ್ಟನ್ನೋ ಬೇಸಿಗೆಯ ಎರಡು ತಿಂಗಳನ್ನೋ ಖಗೋಳದ ಯಾವುದಾದರೂ ಕೆಲಸಕ್ಕೆ ಕೊಟ್ಟವರಿಗೆ, ಅದರಲ್ಲಿ ಬೇಸರ ಬರಲಿಲ್ಲ ಎಂದು ಗೊತ್ತಿರುವವರಿಗೆ. ಏನೂ ಮಾಡಿ ನೋಡದೆ ಐದಾರು ವರ್ಷದ ಕರಾರಿಗೆ ಸಹಿ ಹಾಕುವುದು ನನಗಂತೂ ಹುಚ್ಚು ಧೈರ್ಯವಾಗಿ ಕಾಣುತ್ತದೆ.

ಮೊದಲು ಎಂ.ಎಸ್ಸಿ.

ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಇದು ಆಯ್ಕೆಯಲ್ಲ, ನಿಯಮ. ಅಲ್ಲಿ ಪಿಎಚ್.ಡಿ. ಮೂರು ನಾಲ್ಕು ವರ್ಷದ್ದು. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಕಡೆ ಪಿಎಚ್.ಡಿ. ವಿದ್ಯಾರ್ಥಿ ಎಂದರೆ ಸಂಬಳ ಪಡೆಯುವ ನೌಕರ. ಮೊದಲ ದಿನದಿಂದಲೇ ಸಂಶೋಧನೆ ಮಾಡಬೇಕಾದ್ದರಿಂದ ತಳಪಾಯ ಮೊದಲೇ ಹಾಕಿಕೊಂಡು ಬಂದಿರಬೇಕು. ಆ ತಳಪಾಯ ಎರಡು ವರ್ಷದ ಸ್ನಾತಕೋತ್ತರ ಪದವಿ. ಅದಕ್ಕೆ ಸೇರಿಸಿಕೊಳ್ಳುವ ಸಮಿತಿ ನಿಮ್ಮ ಅಂಕಪಟ್ಟಿಯಲ್ಲಿ ಮೊದಲು ಹುಡುಕುವುದು ಒಟ್ಟು ಶೇಕಡಾವಾರು ಅಂಕವನ್ನಲ್ಲ. ಭೌತವಿಜ್ಞಾನ ಮತ್ತು ಗಣಿತದ ಕ್ರೆಡಿಟ್ ಎಷ್ಟಿವೆ ಎಂದು ಎಣಿಸುತ್ತಾರೆ. "ವಿದ್ಯುತ್ಕಾಂತೀಯ ಕ್ಷೇತ್ರಗಳು", "ಸಿಗ್ನಲ್ಸ್ ಮತ್ತು ಸಿಸ್ಟಮ್ಸ್", "ಉಷ್ಣಗತಿವಿಜ್ಞಾನ", "ದ್ರವಗತಿವಿಜ್ಞಾನ" ಇವೆಲ್ಲ ಎಂಜಿನಿಯರಿಂಗ್ ಹೆಸರಿನಡಿ ಓದಿದ ಭೌತವಿಜ್ಞಾನವೇ. ಅರ್ಜಿಯ ಜೊತೆ ಪ್ರತಿ ವಿಷಯದ ಪಠ್ಯಕ್ರಮವನ್ನು ಲಗತ್ತಿಸಿ, ಯಾವುದು ಯಾವುದಕ್ಕೆ ಸಮ ಎಂದು ಒಂದು ಪುಟದಲ್ಲಿ ನೀವೇ ತೋರಿಸಿ. ಅವರಾಗಿ ಹುಡುಕಿ ಕಂಡುಕೊಳ್ಳಲಿ ಎಂದು ಬಿಟ್ಟರೆ ಕಂಡುಕೊಳ್ಳುವುದಿಲ್ಲ.

ಇನ್ನು ಭೌತವಿಜ್ಞಾನದ ಎಂ.ಎಸ್ಸಿ.ಯೋ ಖಗೋಳವಿಜ್ಞಾನದ್ದೋ? ಹೆಸರಿನಲ್ಲೇ "ಖಗೋಳ" ಇರುವುದು ಬೇಕು ಎಂಬ ಆಸೆ ಸಹಜ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೆಕ್ಯಾನಿಕಲ್, ಸಿವಿಲ್, ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಭೌತವಿಜ್ಞಾನದ ಎಂ.ಎಸ್ಸಿ. ಮಾಡಿ ಅದರ ಪ್ರಬಂಧವನ್ನು ಖಗೋಳದ ವಿಷಯದ ಮೇಲೆ ಬರೆಯುವುದು ಒಳ್ಳೆಯದು. ಖಗೋಳದ ಎಂ.ಎಸ್ಸಿ. ತರಗತಿಗಳು ಸಾಂಖ್ಯಿಕ ಭೌತವಿಜ್ಞಾನ (ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್), ಪರಮಾಣು ರೋಹಿತ, ಲಗ್ರಾಂಜಿಯನ್ ಮೆಕ್ಯಾನಿಕ್ಸ್ ನಿಮಗೆ ಗೊತ್ತಿದೆ ಎಂದುಕೊಂಡೇ ಶುರುವಾಗುತ್ತವೆ. ನಕ್ಷತ್ರದ ವಾತಾವರಣದ ಬಗ್ಗೆ ಮೂರನೇ ಪಾಠದಲ್ಲೇ, ಬಿಸಿ ಅನಿಲದ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿವೆ ಎಂದು ಹೇಳುವ ಸಾಹಾ ಸಮೀಕರಣ ಬಂದು ಕೂರುತ್ತದೆ. ಎಲೆಕ್ಟ್ರಾನಿಕ್ಸ್, ಎಂಜಿನಿಯರಿಂಗ್ ಫಿಸಿಕ್ಸ್ ಓದಿದವರು ಖಗೋಳದ ಎಂ.ಎಸ್ಸಿ.ಗೆ ಹೋದರೆ ಉಸಿರುಗಟ್ಟುವುದು ಕಡಿಮೆ. ಮಧ್ಯೆ ಮನಸ್ಸು ಬದಲಾದರೆ ಭೌತವಿಜ್ಞಾನದ ಪದವಿಗೆ ಹೊರಗೆ ಹೋಗುವ ದಾರಿಗಳೂ ಹೆಚ್ಚು.

ಒಂದು ಎಚ್ಚರಿಕೆ. ಸ್ವಂತ ಹಣ ಹಾಕಿ ಓದುವ ಒಂದು ವರ್ಷದ ಎಂ.ಎಸ್ಸಿ.ಗಳಲ್ಲಿ ಕೆಲವು ಬರೀ ತರಗತಿಗಳವು, ಸಂಶೋಧನಾ ಪ್ರಬಂಧವೇ ಇರುವುದಿಲ್ಲ. ಎಂಜಿನಿಯರಿಂಗ್‌ನಿಂದ ಬಂದವರಿಗೆ ಎಂ.ಎಸ್ಸಿ.ಯಿಂದ ಬೇಕಾದದ್ದೇ ಎರಡು: ತಳಪಾಯ, ಮತ್ತು ನಿಮ್ಮ ಜೊತೆ ಕೆಲಸ ಮಾಡಿ ನಿಮ್ಮನ್ನು ಬಲ್ಲ ಒಬ್ಬ ವಿಜ್ಞಾನಿಯ ಶಿಫಾರಸು ಪತ್ರ. ಪ್ರಬಂಧವಿಲ್ಲದ ಕೋರ್ಸು ಎರಡನೆಯದನ್ನು ಕೊಡುವುದೇ ಇಲ್ಲ.

ಪದವಿ ಬದಲಿಸದೆ ಒಳಗೆ

ಈ ಬಾಗಿಲನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಚಿಲಿಯಲ್ಲಿ ಏಳುತ್ತಿರುವ 39 ಮೀಟರಿನ ಇಎಲ್‌ಟಿ ದೂರದರ್ಶಕದ ಮುಖ್ಯ ಕನ್ನಡಿ 798 ತುಂಡುಗಳದು. ಅಷ್ಟನ್ನೂ ಗಾಳಿ, ಬಿಸಿಲು, ಗುರುತ್ವದ ಎಳೆತದ ನಡುವೆ ಒಂದೇ ಕನ್ನಡಿಯಂತೆ ಹಿಡಿದಿಡುವುದು ಎಂಜಿನಿಯರುಗಳ ಕೆಲಸ. ಆಸ್ಟ್ರೇಲಿಯದ ಮರುಭೂಮಿಯಲ್ಲಿ ಎಸ್‌ಕೆಎ ಎಂಬ ರೇಡಿಯೋ ದೂರದರ್ಶಕಕ್ಕಾಗಿ 1,31,072 ಆಂಟೆನಾಗಳನ್ನು ನೆಡುವ ಯೋಜನೆ ಇದೆ. ಅವುಗಳಿಂದ ಹೊಮ್ಮುವ ಸಂಕೇತವನ್ನು ಒಟ್ಟುಗೂಡಿಸುವುದೂ ಅವರದೇ. ಇಂಥ ಕಡೆ ಸಂಬಳ ಪಿಎಚ್.ಡಿ. ವೇತನಕ್ಕಿಂತ ಮೇಲು, ಕೆಲಸ ಸಾಮಾನ್ಯವಾಗಿ ಸ್ಥಿರ. ಕೊರತೆ ಎಂದರೆ ಒಂದೇ: ಏನನ್ನು ನೋಡಬೇಕು ಎಂದು ತೀರ್ಮಾನಿಸುವವರು ನೀವಲ್ಲ. ಕೆಲವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಯಂತ್ರ ಸರಿಯಾಗಿ ತಿರುಗಿದರೆ ಅವರ ದಿನ ತುಂಬುತ್ತದೆ. ಇನ್ನು ಕೆಲವರಿಗೆ ಎರಡೇ ವರ್ಷದಲ್ಲಿ ಕಚ್ಚತೊಡಗುತ್ತದೆ. ನೀವು ಇವರಲ್ಲಿ ಯಾವ ಬಗೆಯವರು ಎಂದು ತಿಳಿಯದಿದ್ದರೆ ಪಿಎಚ್.ಡಿ.ಗೆ ಮುಂಚೆ ಒಂದೆರಡು ವರ್ಷ ಇಲ್ಲಿ ಕಳೆಯುವುದು ಅತ್ಯಂತ ಅಗ್ಗದ ಪರೀಕ್ಷೆ.

ಗ್ರೋಟ್ ರೇಬರ್ ಎಂಬ ರೇಡಿಯೋ ಎಂಜಿನಿಯರ್ 1937ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಸ್ವಂತ ಹಣದಿಂದ ಒಂಬತ್ತು ಮೀಟರಿಗೂ ಮಿಕ್ಕಿದ ಅಗಲದ ಲೋಹದ ಬೋಗುಣಿ ಕಟ್ಟಿ, ಹಗಲು ಕೆಲಸಕ್ಕೆ ಹೋಗಿ ರಾತ್ರಿ ಆಕಾಶದ ರೇಡಿಯೋ ನಕ್ಷೆ ಬರೆದದ್ದುಂಟು. ಈ ಕಥೆ ಹೇಳಿ "ಪದವಿ ಏಕೆ ಬೇಕು?" ಎನ್ನುವವರು ಒಂದನ್ನು ಮರೆಯುತ್ತಾರೆ: ಆಗ ಆ ಕ್ಷೇತ್ರದಲ್ಲಿ ಬೇರೆ ಯಾರೂ ಇರಲಿಲ್ಲ.

ಕೋಣೆಗಳು: ರೇಡಿಯೋದಿಂದ ಶುರುಮಾಡೋಣ

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಆಕಾಶದಲ್ಲಿ ತವರುಮನೆ ಇದ್ದರೆ ಅದು ವೀಕ್ಷಣೆಯ ಕೋಣೆಯಲ್ಲಿರುವ ರೇಡಿಯೋ ಖಗೋಳವಿಜ್ಞಾನ. ಒಂದು ಲೆಕ್ಕ ನೋಡಿ. ಪುಣೆಯ ಉತ್ತರಕ್ಕಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಒಂದೊಂದು ಆಂಟೆನಾ 45 ಮೀಟರ್ ಅಗಲ. 21 ಸೆಂಟಿಮೀಟರ್ ಅಲೆಯಲ್ಲಿ ಅದು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ, ಅಲೆಯ ಉದ್ದವನ್ನು ಅಗಲದಿಂದ ಭಾಗಿಸಿದರೆ, ಸುಮಾರು ಕಾಲು ಡಿಗ್ರಿ. ಅಂದರೆ ಹುಣ್ಣಿಮೆಯ ಚಂದ್ರನ ಅರ್ಧದಷ್ಟು. ನಮ್ಮ ಬರಿಗಣ್ಣು ಡಿಗ್ರಿಯ ಅರವತ್ತನೆಯ ಒಂದು ಪಾಲನ್ನು ಬಿಡಿಸಿ ನೋಡುತ್ತದೆ. ಇಷ್ಟು ದೊಡ್ಡ ಯಂತ್ರದ ಕಣ್ಣು ನಮ್ಮ ಕಣ್ಣಿಗಿಂತ ಹದಿನೈದು ಪಟ್ಟು ಮಂಜು! ಇದಕ್ಕೆ ಪರಿಹಾರ ಅಂಥ 30 ಆಂಟೆನಾಗಳನ್ನು 25 ಕಿಲೋಮೀಟರ್ ಹರವಿನಲ್ಲಿ ಚೆಲ್ಲಿ, ಎರಡೆರಡನ್ನು ಜೋಡಿಸುವುದು. 435 ಜೋಡಿಗಳಾಗುತ್ತವೆ. ಪ್ರತಿ ಜೋಡಿಯೂ ಆಕಾಶದ ಚಿತ್ರದ ಫೂರಿಯರ್ ರೂಪಾಂತರದ ಒಂದು ಬಿಂದುವನ್ನು ಅಳೆಯುತ್ತದೆ; ಭೂಮಿ ತಿರುಗಿದಂತೆ ಆ ಬಿಂದುಗಳು ಗೆರೆಗಳಾಗುತ್ತವೆ; ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದರೆ ಚಿತ್ರ, ಕಾಲು ಡಿಗ್ರಿಯ ಬದಲು ಒಂದೆರಡು ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೆಯ ಒಂದು ಪಾಲು) ಸ್ಪಷ್ಟತೆಯಲ್ಲಿ. ಮೂರನೇ ಸೆಮಿಸ್ಟರಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಫೂರಿಯರ್ ಇಲ್ಲಿ ಗ್ಯಾಲಕ್ಸಿ ತೋರಿಸುತ್ತಾನೆ.

ಹಾಗಾದರೆ ಎಂಜಿನಿಯರಿಗೆ ಇಲ್ಲಿ ಕಲಿಯಲು ಏನೂ ಉಳಿದಿಲ್ಲವೇ? ಅದೇ 21 ಸೆಂಟಿಮೀಟರ್ ಅಲೆಯನ್ನು ತೆಗೆದುಕೊಳ್ಳಿ. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂಯೆನ್ ಮತ್ತು ಪರ್ಸೆಲ್ ಪ್ರಯೋಗಾಲಯದ ಕಿಟಕಿಯ ಹೊರಗೆ ಒಂದು ಕೊಂಬಿನ ಆಂಟೆನಾ ಚಾಚಿ, ನಮ್ಮ ಗ್ಯಾಲಕ್ಸಿಯ ಹೈಡ್ರೋಜನ್ ಹೊರಡಿಸುವ 1420 ಮೆಗಾಹರ್ಟ್ಸ್ ಸಂಕೇತವನ್ನು ಮೊದಲ ಬಾರಿಗೆ ಹಿಡಿದರು. ಮಳೆ ಬಂದಾಗ ಕೊಂಬಿನ ಮೂಲಕ ನೀರು ಒಳಗೆ ನುಗ್ಗುತ್ತಿತ್ತಂತೆ. ಇಂದು ಅಂಥದ್ದೊಂದು ಕೊಂಬು, ಒಂದು ಕಡಿಮೆ ಗದ್ದಲದ ಆಂಪ್ಲಿಫೈಯರ್, ಒಂದು ಸಾಫ್ಟ್‌ವೇರ್ ರೇಡಿಯೋ ಇದ್ದರೆ ನೀವೂ ಹಿಡಿಯಬಹುದು. ಹಿಡಿಯುವ ತನಕ ಅದು ಎಂಜಿನಿಯರಿಂಗ್. ತೆರೆಯ ಮೇಲೆ ಒಂದೇ ಶಿಖರದ ಬದಲು ಎರಡೋ ಮೂರೋ ಕಂಡರೆ? ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 4.7 ಕಿಲೋಹರ್ಟ್ಸ್ ಪಲ್ಲಟ ಎಂಬ ಲೆಕ್ಕ ಹಾಕಿದರೆ, ಆ ಶಿಖರಗಳು ಬೇರೆ ಬೇರೆ ವೇಗದಲ್ಲಿ ಚಲಿಸುತ್ತಿರುವ ಸುರುಳಿ ತೋಳುಗಳು. ಹೈಡ್ರೋಜನ್ ಇದನ್ನು ಏಕೆ ಹೊರಡಿಸುತ್ತದೆ ಎನ್ನುವುದಕ್ಕೆ ಪ್ರೋಟಾನ್ ಮತ್ತು ಎಲೆಕ್ಟ್ರಾನಿನ ಸ್ಪಿನ್ ಬೇಕು. ಎಲೆಕ್ಟ್ರಾನಿನ ಸ್ಪಿನ್ ಮಗುಚಿದಾಗ ಈ ಅಲೆ ಹೊರಡುತ್ತದೆ; ಒಂದು ಪರಮಾಣು ಹಾಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಯುತ್ತದೆ. ಆದರೂ ಸಂಕೇತ ಬರುತ್ತಲೇ ಇದೆ ಎಂದರೆ ಅಲ್ಲಿ ಎಷ್ಟು ಹೈಡ್ರೋಜನ್ ಇರಬೇಕು? ಕ್ವಾಂಟಂ ಮೆಕ್ಯಾನಿಕ್ಸ್ ಬೇಕಾಗುವುದು ಇಲ್ಲಿ. ಹೀಗೆ ಒಂದು ಅಗತ್ಯವನ್ನು ಮುಂದಿಟ್ಟುಕೊಂಡು ಓದಿದರೆ ಅದು ಬೇಗ ಹತ್ತುತ್ತದೆ ಎನ್ನುವುದು ನನ್ನ ಅನುಭವ.

ಉಪಕರಣದ ಕೋಣೆ

ಮೆಕ್ಯಾನಿಕಲ್, ಆಪ್ಟಿಕ್ಸ್, ಕಂಟ್ರೋಲ್ ಸಿಸ್ಟಮ್ಸ್ ಬಲ್ಲವರಿಗೆ ಇದು. ನಕ್ಷತ್ರವನ್ನು ಅದರ ಗ್ರಹ ಎಳೆಯುವುದರಿಂದ ನಕ್ಷತ್ರದ ಬೆಳಕಿನಲ್ಲಿ ಆಗುವ ಪಲ್ಲಟವನ್ನು ಅಳೆಯುವ ಸ್ಪೆಕ್ಟ್ರೋಗ್ರಾಫ್ ನೋಡಿ. ಭೂಮಿ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್ ವೇಗದಲ್ಲಿ. ಇದರ ಸುಮಾರು ಹತ್ತು ಪಟ್ಟು, ಅಂದರೆ ಸೆಕೆಂಡಿಗೆ ಒಂದು ಮೀಟರ್ ಅಳೆಯಬೇಕಾದರೂ ಡಿಟೆಕ್ಟರಿನ ಮೇಲೆ ಆಗುವ ಪಲ್ಲಟ ಒಂದು ಪಿಕ್ಸೆಲಿನ ಸಾವಿರದ ಒಂದು ಪಾಲಿನ ಆಸುಪಾಸು. ಅದಕ್ಕಾಗಿ ಇಡೀ ಯಂತ್ರವನ್ನು ನಿರ್ವಾತದ ತೊಟ್ಟಿಯಲ್ಲಿ ಕೂರಿಸಿ, ತಾಪಮಾನ ಡಿಗ್ರಿಯ ನೂರನೆಯ ಒಂದು ಪಾಲಿನಷ್ಟೂ ಅಲುಗದಂತೆ ಕಾಯುತ್ತಾರೆ. ಇದು ಭೌತವಿಜ್ಞಾನವೋ ಎಂಜಿನಿಯರಿಂಗೋ ಎಂದು ಕೇಳುವುದೇ ವ್ಯರ್ಥ.

1995ರಲ್ಲಿ ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಕಂಡಾಗ ದಿದಿಯೇ ಕೆಲೋ ಪಿಎಚ್.ಡಿ. ವಿದ್ಯಾರ್ಥಿ. ಎಲೋಡಿ ಎಂಬ ಸ್ಪೆಕ್ಟ್ರೋಗ್ರಾಫಿನ ದತ್ತಾಂಶದಿಂದ ವೇಗ ಲೆಕ್ಕ ಹಾಕುವ ಸಾಫ್ಟ್‌ವೇರ್ ಅವರ ಕೈಯದು. ನಕ್ಷತ್ರದ ವೇಗ ನಾಲ್ಕು ದಿನಕ್ಕೊಮ್ಮೆ ಏರಿಳಿಯುವುದು ಕಂಡಾಗ ಅವರು ಮೊದಲು ಅನುಮಾನಿಸಿದ್ದು ಗ್ರಹವನ್ನಲ್ಲ, ತನ್ನದೇ ಕೋಡನ್ನು. ತಪ್ಪು ತನ್ನದಲ್ಲ ಎಂದು ಖಾತ್ರಿಯಾಗುವವರೆಗೆ ಪರೀಕ್ಷಿಸಿದರು. 2019ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ಉಪಕರಣವನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಅಂಥ ಅನುಮಾನವನ್ನು ಕೊನೆ ಮುಟ್ಟಿಸಲು ಸಾಧ್ಯ.

ಆದರೆ ಉಪಕರಣದ ಗಡಿಯಾರವೂ ಪಿಎಚ್.ಡಿ.ಯ ಗಡಿಯಾರವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಜೇಮ್ಸ್ ವೆಬ್ ದೂರದರ್ಶಕದ ಕಲ್ಪನೆ 1990ರ ದಶಕದಲ್ಲಿ ರೂಪುಗೊಳ್ಳತೊಡಗಿತ್ತು; ಅದು ಹಾರಿದ್ದು 2021ರ ಡಿಸೆಂಬರ್ 25ರಂದು. ನೆಲದ ಮೇಲಿನ ಉಪಕರಣಕ್ಕೂ ಹತ್ತು ವರ್ಷ ಹಿಡಿಯುವುದು ಅಪರೂಪವಲ್ಲ. ವಿನ್ಯಾಸದ ಹಂತದಲ್ಲಿ ಸೇರಿದರೆ ನಿಮ್ಮ ಪ್ರಬಂಧದಲ್ಲಿ ನಕ್ಷತ್ರವೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಸೇರಿದರೆ ಮಾಡಲು ಉಪಕರಣವೇ ಉಳಿದಿರುವುದಿಲ್ಲ. ದೂರದರ್ಶಕಕ್ಕೆ ಜೋಡಿಸಿ ಮೊದಲ ಬೆಳಕು ಕಾಣಲು ಇನ್ನು ಒಂದೆರಡು ವರ್ಷ ಇರುವಾಗ ಸೇರುವುದು ಹದವಾದ ಕಾಲ. ಯೋಜನೆಯವರು ಹೇಳುವ ದಿನಾಂಕಕ್ಕೆ ನೀವೇ ಎರಡು ವರ್ಷ ಕೂಡಿಸಿಕೊಂಡು ಲೆಕ್ಕ ಹಾಕಿ.

ದತ್ತಾಂಶ, ಸಿದ್ಧಾಂತ, ಉಳಿದ ಶಾಖೆಗಳು

ಕಂಪ್ಯೂಟರ್ ಸೈನ್ಸ್‌ನವರಿಗೆ ಇಂದು ಹೆಚ್ಚು ಬೇಡಿಕೆಯ ಕೋಣೆ ದತ್ತಾಂಶದ್ದೇ. ಚಿಲಿಯ ರೂಬಿನ್ ವೀಕ್ಷಣಾಲಯದ ಕ್ಯಾಮೆರಾ 3,200 ಮೆಗಾಪಿಕ್ಸೆಲಿನದು. ಒಂದು ರಾತ್ರಿಗೆ ಸುಮಾರು 20 ಟೆರಾಬೈಟ್ ಚಿತ್ರಗಳು. ಮನುಷ್ಯರು ಕೂತು ನೋಡಿ ಮುಗಿಸುವ ಮಾತೇ ಅಲ್ಲ. ಆದರೂ ಇಲ್ಲಿಗೆ ಹೊರಟವರಿಗೆ ನನ್ನದೊಂದು ತಕರಾರಿದೆ. ಕೋಡ್ ಚೆನ್ನಾಗಿ ಬರೆಯುವವನಿಗೆ ಗುಂಪಿನ ಎಲ್ಲರ ಕೋಡೂ ಬಂದು ಬೀಳುತ್ತದೆ. ನಾಲ್ಕು ವರ್ಷದ ಕೊನೆಯಲ್ಲಿ ಹತ್ತು ಪ್ರಬಂಧಗಳಲ್ಲಿ ಎಂಟನೆಯ ಲೇಖಕ, ತನ್ನದು ಎನ್ನುವ ಒಂದು ಪ್ರಶ್ನೆಯೂ ಇಲ್ಲ ಎಂಬ ಸ್ಥಿತಿ ಬರಬಹುದು. ಸೇರುವ ಮುಂಚೆಯೇ ಮಾರ್ಗದರ್ಶಕರನ್ನು ಕೇಳಿ: ಮೊದಲ ಎರಡು ವರ್ಷದಲ್ಲಿ ನಾನು ಮೊದಲ ಲೇಖಕನಾಗಿ ಬರೆಯಬಹುದಾದ ವಿಷಯ ಯಾವುದು?

2019ರ ಏಪ್ರಿಲ್ 10ರಂದು ಹೊರಬಿದ್ದ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರಕ್ಕೆ ದುಡಿದ ಕೇಟಿ ಬೌಮನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್. ಖಗೋಳದ ಪದವಿಯೇ ಅವರಿಗಿಲ್ಲ. ಆ ಚಿತ್ರ ತಯಾರಾದ ಬಗೆ ಇನ್ನೂ ಸ್ವಾರಸ್ಯದ್ದು. ನಾಲ್ಕು ತಂಡಗಳು ಒಂದರ ಜೊತೆ ಇನ್ನೊಂದು ಮಾತನಾಡದೆ ವಾರಗಟ್ಟಲೆ ಅದೇ ದತ್ತಾಂಶದಿಂದ ಚಿತ್ರ ಮಾಡಿದವು. ಉಂಗುರ ಕಾಣಬೇಕೆಂಬ ಆಸೆಯೇ ಉಂಗುರವನ್ನು ಮೂಡಿಸಿಬಿಟ್ಟೀತು ಎಂಬ ಭಯಕ್ಕೆ. ನಾಲ್ಕರಲ್ಲೂ ಉಂಗುರ ಬಂತು.

ಸಿದ್ಧಾಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನಿಯರುಗಳಿಗೆ ಅಲ್ಲಿಗೆ ದಾರಿ ಉದ್ದ, ಭೌತವಿಜ್ಞಾನದ ಎಂ.ಎಸ್ಸಿ. ಬಿಟ್ಟು ಅಡ್ಡದಾರಿ ಕಾಣೆ. ದ್ರವಗತಿವಿಜ್ಞಾನವನ್ನು ಕಂಪ್ಯೂಟರಿನಲ್ಲಿ ಬಿಡಿಸಿದ ಏರೋಸ್ಪೇಸ್‌ನವರಿಗೆ ಮಾತ್ರ ಒಂದು ಅನುಕೂಲ: ಕಪ್ಪುಕುಳಿಯ ಸುತ್ತ ಸುಳಿಯುವ ಅನಿಲವೂ ದ್ರವದಂತೆಯೇ ಹರಿಯುತ್ತದೆ, ಜೊತೆಗೆ ಕಾಂತಕ್ಷೇತ್ರ ಸೇರಿಕೊಳ್ಳುತ್ತದೆ ಅಷ್ಟೆ. ಕೆಮಿಕಲ್ ಎಂಜಿನಿಯರಿಂಗ್‌ನವರು ತಮಗೇನೂ ಇಲ್ಲ ಎಂದುಕೊಳ್ಳುತ್ತಾರೆ. ನಕ್ಷತ್ರಗಳ ನಡುವಿನ ಅನಿಲದಲ್ಲಿ ಈಗಾಗಲೇ 300ಕ್ಕೂ ಹೆಚ್ಚು ಬಗೆಯ ಅಣುಗಳು ಸಿಕ್ಕಿವೆ, ಅವು ಹೇಗೆ ಕೂಡಿಕೊಂಡವು ಎಂಬುದು ರಾಸಾಯನಿಕ ಕ್ರಿಯೆಗಳ ವೇಗದ ಲೆಕ್ಕವೇ. ಸಿವಿಲ್‌ನವರಿಗೆ ಶಾಖೆಯಿಂದ ಒದಗುವ ನೆರವು ಕಡಿಮೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ, ಅವರು ಎಂ.ಎಸ್ಸಿ. ಬಾಗಿಲಿನಿಂದ ಬಂದರೆ ಯಾವ ಕೋಣೆಗೂ ಹೋಗಬಹುದು.

ಕೋಣೆ ಗೊತ್ತಾಗುವುದು ಹೇಗೆ

ಒಂದು ವಾರಾಂತ್ಯ ಬಿಡುವು ಮಾಡಿಕೊಳ್ಳಿ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶ ಯಾರಿಗೂ ಉಚಿತವಾಗಿ ಸಿಗುತ್ತದೆ. ಪೈಥಾನಿನ ಲೈಟ್‌ಕರ್ವ್ ಎಂಬ ಪ್ಯಾಕೇಜು ಅದನ್ನು ನಾಲ್ಕೈದು ಸಾಲಿನಲ್ಲಿ ಇಳಿಸಿಕೊಡುತ್ತದೆ. ಟ್ರೆಸ್-2 ಎಂಬ ನಕ್ಷತ್ರವನ್ನು ಆರಿಸಿ. ಸುಮಾರು 700 ಬೆಳಕಿನ ವರ್ಷ ದೂರ, ಸೂರ್ಯನಷ್ಟೇ ಗಾತ್ರ. ಅದರ ಬೆಳಕನ್ನು ಕಾಲಕ್ಕೆ ಎದುರಾಗಿ ಗೀಚಿದಾಗ ಮೊದಲು ಕಣ್ಣಿಗೆ ಬೀಳುವುದು ಗ್ರಹವಲ್ಲ, ಮೂರು ತಿಂಗಳಿಗೊಮ್ಮೆ ಧಡಕ್ಕನೆ ಏರಿ ಇಳಿಯುವ ಮೆಟ್ಟಿಲುಗಳು. ಬಿಸಿಲಿಗೆ ಸೌರಫಲಕ ಒಡ್ಡಲು ಕೆಪ್ಲರ್ ಪ್ರತಿ ಮೂರು ತಿಂಗಳಿಗೆ 90 ಡಿಗ್ರಿ ಹೊರಳುತ್ತಿತ್ತು. ನಕ್ಷತ್ರದ ಬೆಳಕು ಬೇರೆ ಡಿಟೆಕ್ಟರಿನ ಮೇಲೆ ಬಿದ್ದು ಅಳತೆಯೂ ಬದಲಾಗುತ್ತಿತ್ತು. ಮೆಟ್ಟಿಲುಗಳನ್ನು ಸಮ ಮಾಡಿದ ಮೇಲೆ ಎರಡೂವರೆ ದಿನಕ್ಕೊಮ್ಮೆ, ಕರಾರುವಾಕ್ಕಾಗಿ 2.47 ದಿನಕ್ಕೊಮ್ಮೆ, ಬೆಳಕು ಶೇಕಡಾ ಒಂದೂವರೆಯಷ್ಟು ಕುಂದುವುದು ಕಾಣುತ್ತದೆ. ಆ ಅವಧಿಗೆ ಮಡಚಿ ಒಂದರ ಮೇಲೊಂದು ಇಟ್ಟರೆ ನೂರಾರು ತಗ್ಗುಗಳು ಒಂದೇ ಅಚ್ಚುಕಟ್ಟಾದ ತಗ್ಗಾಗುತ್ತವೆ. ಕುಂದಿದ ಪಾಲಿನ ವರ್ಗಮೂಲ ತೆಗೆಯಿರಿ: ಗ್ರಹದ ತ್ರಿಜ್ಯ ನಕ್ಷತ್ರದ್ದರ ಸುಮಾರು ಎಂಟನೆಯ ಒಂದು ಪಾಲು, ಗುರುವಿಗಿಂತ ಸ್ವಲ್ಪ ದೊಡ್ಡದು.

ಈಗ ಆ ತಗ್ಗಿನ ತಳ ನೋಡಿ. ಬಟ್ಟಲಿನ ತಳದಂತೆ ಚಪ್ಪಟೆಯಾಗಿಲ್ಲ, ಚೂಪಾಗಿದೆ. ನಕ್ಷತ್ರವೊಂದು ಇನ್ನೊಂದರ ಅಂಚನ್ನು ಸವರಿ ಹೋದರೂ ಹೀಗೇ ಕಾಣುತ್ತದೆ. ಹಾಗಾದರೆ ಇದು ಗ್ರಹವೇ, ಜೋಡಿ ನಕ್ಷತ್ರವೇ? ಹೇಗೆ ಬಿಡಿಸುತ್ತೀರಿ?

ಈ ಕಸರತ್ತಿನಲ್ಲಿ ನಿಮ್ಮ ಮನಸ್ಸು ಎಲ್ಲಿ ಅಂಟಿಕೊಂಡಿತು ಎಂದು ಗಮನಿಸಿ. ಮೆಟ್ಟಿಲು ಏಕೆ ಬಂತು ಎಂದು ಹುಡುಕುತ್ತ ಡಿಟೆಕ್ಟರಿನ ಕೈಪಿಡಿಯಲ್ಲಿ ಮುಳುಗಿದಿರಾದರೆ ನಿಮ್ಮದು ಉಪಕರಣದ ಕೋಣೆ. ಇದನ್ನೇ ಒಂದು ಲಕ್ಷ ನಕ್ಷತ್ರಗಳಿಗೆ ಒಟ್ಟಿಗೆ ಮಾಡುವುದು ಹೇಗೆ ಎಂದು ಕೈ ತುರಿಸಿತಾದರೆ ದತ್ತಾಂಶದ್ದು. ಆ ಕೊನೆಯ ಪ್ರಶ್ನೆ ರಾತ್ರಿ ನಿದ್ದೆಗೆಡಿಸಿತಾದರೆ ವೀಕ್ಷಣೆಯದು, ಪಿಎಚ್.ಡಿ.ಯ ಬಹುಪಾಲು ಅಂಥ ಪ್ರಶ್ನೆಯ ಜೊತೆಗಿನ ಸಂಸಾರ. ಅಂದಹಾಗೆ ಅದು ಗ್ರಹವೇ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಹಿಂದಿರುಗಿಸದ, ಕಲ್ಲಿದ್ದಲಿಗಿಂತ ಕಪ್ಪಾದ ಗ್ರಹ.

ಎಂಜಿನಿಯರಿಂಗ್ ನಮಗೆ ಕಲಿಸುವ ಪ್ರಶ್ನೆ "ಇದು ಹೇಳಿದಷ್ಟು ಕೆಲಸ ಮಾಡುತ್ತದೆಯೇ?" ಎಂಬುದು. ಇಲ್ಲಿಯ ಪ್ರಶ್ನೆ "ಇದು ಇನ್ನೇನಾದರೂ ಆಗಿರಬಹುದೇ?" ಬೆಲ್ ಪ್ರಯೋಗಾಲಯದಲ್ಲಿ ರೇಡಿಯೋ ಎಂಜಿನಿಯರ್ ಆಗಿದ್ದ ಕಾರ್ಲ್ ಜಾನ್ಸ್ಕಿಗೆ ಒಪ್ಪಿಸಿದ್ದ ಕೆಲಸ ಸಾಗರದಾಚೆಗಿನ ದೂರವಾಣಿಗೆ ಅಡ್ಡಿಯಾಗುವ ಗದ್ದಲದ ಮೂಲಗಳನ್ನು ಪಟ್ಟಿ ಮಾಡುವುದು. ಹತ್ತಿರದ ಗುಡುಗು, ದೂರದ ಗುಡುಗು, ಮತ್ತೊಂದು ಗೊತ್ತಾಗದ ಸಣ್ಣ ಶಬ್ದ. ಪಟ್ಟಿಗೆ ಅಷ್ಟು ಸಾಕಿತ್ತು. ಆತ ಆ ಮೂರನೆಯದರ ಬೆನ್ನು ಹತ್ತಿ, ಅದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುತ್ತದೆ ಎಂದು ಕಂಡ. ಅದು ನಕ್ಷತ್ರಗಳ ದಿನ, ಸೂರ್ಯನದಲ್ಲ. ಆ ನಾಲ್ಕು ನಿಮಿಷದ ವ್ಯತ್ಯಾಸದಿಂದ 1933ರಲ್ಲಿ ಕ್ಷೀರಪಥದ ರೇಡಿಯೋ ಸುದ್ದಿ ಜಗತ್ತಿಗೆ ತಿಳಿಯಿತು.

ಕೊನೆಗೆ ಅರ್ಜಿ ಮತ್ತು ಲೆಕ್ಕಾಚಾರ

ಮಾರ್ಗದರ್ಶಕರಾಗಬಹುದಾದವರಿಗೆ ಬರೆಯುವ ಪತ್ರ ಹತ್ತು ಸಾಲು ಮೀರದಿರಲಿ. "ಚಿಕ್ಕಂದಿನಿಂದಲೂ ನಕ್ಷತ್ರಗಳೆಂದರೆ ಆಸೆ" ಎಂಬ ಸಾಲು ಅವರಿಗೆ ತಿಂಗಳಿಗೆ ಹಲವು ಬಾರಿ ಬರುತ್ತದೆ. ಅದರ ಬದಲು ಮೇಲಿನಂಥದ್ದೊಂದು ಮಾಡಿದ್ದರೆ ಆ ನಕ್ಷೆಯನ್ನು ಲಗತ್ತಿಸಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಎರಡು ಸಾಲಿನಲ್ಲಿ ಹೇಳಿ. ಶಿಫಾರಸು ಪತ್ರಗಳಲ್ಲಿ ಒಂದಾದರೂ ನಿಮ್ಮ ಜೊತೆ ಸಂಶೋಧನೆ ಮಾಡಿದವರದಾಗಿರಲಿ. "ತರಗತಿಯಲ್ಲಿ ಮೊದಲಿಗ" ಎಂಬ ಮೂರು ಪತ್ರಗಳಿಗಿಂತ "ತಪ್ಪು ಕಂಡರೆ ಮುಚ್ಚಿಡಲಿಲ್ಲ, ಹುಡುಕಿ ಬಂದು ಹೇಳಿದ" ಎಂಬ ಒಂದು ತೂಕವಾಗಿರುತ್ತದೆ.

ಹಣದ ಮತ್ತು ಉದ್ಯೋಗದ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಪಿಎಚ್.ಡಿ. ಮುಗಿದ ಮೇಲೆ ಎರಡು ಮೂರು ವರ್ಷದ ತಾತ್ಕಾಲಿಕ ಸಂಶೋಧನಾ ಹುದ್ದೆಗಳು, ಒಂದಾದ ಮೇಲೊಂದು, ಹೆಚ್ಚಾಗಿ ಬೇರೆ ಬೇರೆ ದೇಶಗಳಲ್ಲಿ. ಕಾಯಂ ಹುದ್ದೆಗಳು ಪಿಎಚ್.ಡಿ. ಪಡೆಯುವವರಿಗಿಂತ ಬಹಳ ಕಡಿಮೆ. ಇಲ್ಲಿ ಎಂಜಿನಿಯರಿಗೆ ಒಂದು ಮೇಲುಗೈ ಇದೆ: ಉಪಕರಣದ ಕೋಣೆಯಿಂದಲೋ ದತ್ತಾಂಶದ ಕೋಣೆಯಿಂದಲೋ ಹೊರನಡೆದರೆ ಹೊರಗೆ ಕೆಲಸ ಸಿಗುತ್ತದೆ. ಸಿದ್ಧಾಂತದ ಕೋಣೆಯಿಂದ ಹೊರಬಂದವರಿಗೂ ಸಿಗುತ್ತದೆ, ಆದರೆ ಅವರು ಏನನ್ನಾದರೂ ಹೊಸದಾಗಿ ಕಲಿಯಬೇಕಾಗುತ್ತದೆ.

ಸೇರಲಿರುವ ಗುಂಪಿನ ಈಗಿನ ವಿದ್ಯಾರ್ಥಿಗಳನ್ನು, ಮಾರ್ಗದರ್ಶಕರು ಎದುರಿಗಿಲ್ಲದಾಗ, ಎರಡು ಪ್ರಶ್ನೆ ಕೇಳಿ. ಕಳೆದ ಐದು ವರ್ಷಗಳಲ್ಲಿ ಇಲ್ಲಿಂದ ಪದವಿ ಪಡೆದವರು ಈಗ ಎಲ್ಲಿದ್ದಾರೆ? ನಡುವೆಯೇ ಬಿಟ್ಟು ಹೋದವರು ಯಾರಾದರೂ ಇದ್ದಾರೆಯೇ? ಮೊದಲನೆಯದಕ್ಕೆ ಥಟ್ಟನೆ ಹೆಸರು ಊರುಗಳ ಸಮೇತ ಉತ್ತರ ಬಂದರೆ ಒಳ್ಳೆಯದು. ಎರಡನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಬೇರೆ ಗುಂಪುಗಳ ಪಟ್ಟಿಯನ್ನು ಇನ್ನೊಮ್ಮೆ ತೆರೆಯಿರಿ.